ಮುಂಬೈಯಲ್ಲಿ ಒಂದು ರಾತ್ರಿ, ಮನೆಮಂದಿಯೆಲ್ಲ ಜೊತೆಗೆ: ಯಾವ ಹೋಟೆಲ್ ಹಿಡಿಯೋದು?

"ಒಂದೇ ರಾತ್ರಿ ಇರೋದು. ಮಕ್ಕಳಿದ್ದಾರೆ, ಅಮ್ಮನೂ ಬರ್ತಿದ್ದಾರೆ. ಎಲ್ಲಿ ರೂಮ್ ಮಾಡಿದ್ರೆ ಒಳ್ಳೇದು?" ಶಾಲೆಗೆ ರಜೆ ಬಿಟ್ಟರೆ ಸಾಕು, ಮುಂಬೈಯಲ್ಲಿರುವ ಕನ್ನಡಿಗರ ಫೋನಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಹಿಂದೆಯೇ ವಾಟ್ಸಾಪಿನಲ್ಲಿ ನಾಲ್ಕೈದು ಲಿಂಕು. ಎಲ್ಲದರಲ್ಲೂ ಅದೇ ಬಿಳಿ ಬೆಡ್‌ಶೀಟು, ಅದೇ ಹಳದಿ ಲೈಟು, ಅದೇ ಸಾಲು: ಹೊಸದಾಗಿ ನವೀಕರಿಸಿದ ಹೋಟೆಲ್, ಕುಟುಂಬಕ್ಕೆ ಹೇಳಿ ಮಾಡಿಸಿದ್ದು. ಮನೆಗೇ ಬನ್ನಿ ಅನ್ನೋಣವೆಂದರೆ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಐದು ಜನರಿಗೆ ಹಾಸಿಗೆ ಹಾಸುವಷ್ಟರಲ್ಲಿ ಅಡುಗೆಮನೆ ಬಾಗಿಲು ಮುಚ್ಚಿಹೋಗುತ್ತದೆ. ಹಾಗಾಗಿ ಹೋಟೆಲೇ ಸರಿ. ಆದರೆ ಯಾವುದು?

ನಾಲ್ಕು ದಿನ ಇರುವವರಿಗೆ ಹೋಟೆಲ್ ಹುಡುಕುವುದು ಬೇರೆ, ಒಂದು ರಾತ್ರಿಗೆ ಹುಡುಕುವುದು ಬೇರೆ. ಸಾಮಾನ್ಯವಾಗಿ ಚೆಕ್-ಇನ್ ಮಧ್ಯಾಹ್ನ 2 ಗಂಟೆಗೆ, ಚೆಕ್-ಔಟ್ ಮರುದಿನ 11ಕ್ಕೆ. ಅಂದರೆ ನೀವು ದುಡ್ಡು ಕೊಡುವುದು 21 ಗಂಟೆಗೆ. ಅದರಲ್ಲಿ ಎರಡು ಗಂಟೆ ಟ್ರಾಫಿಕ್ಕಿಗೆ ಹೋಯಿತು, ಗೀಸರ್ ಕೆಟ್ಟು ಇನ್ನೊಂದು ಗಂಟೆ ಹೋಯಿತು ಅಂದರೆ ಅದನ್ನು ಸರಿದೂಗಿಸಲು ಎರಡನೇ ದಿನವೇ ಇರುವುದಿಲ್ಲ. ಅದಕ್ಕೇ ನಾನು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಲಿಂಕು ಆಮೇಲೆ ಕಳಿಸಿ, ಮೊದಲು ಟಿಕೆಟ್ ಕಳಿಸಿ.

ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಶುರು

ಮುಂಬೈ ಅಂತ ಟಿಕೆಟ್ಟಿನಲ್ಲಿ ಇದ್ದರೂ ಊರಿನ ಗಾಡಿಗಳೆಲ್ಲ ಒಂದೇ ಕಡೆ ಬರುವುದಿಲ್ಲ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಹೋಗುತ್ತದೆ. ಮೈಸೂರಿನ ಶರಾವತಿ ದಾದರ್‌ನಲ್ಲೇ ಕೊನೆ. ಮಂಗಳೂರಿನ ಮತ್ಸ್ಯಗಂಧ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ. ಬಸ್ಸಿನಲ್ಲಿ ಬರುವವರಿಗೆ ಪನ್ವೇಲ್, ವಾಶಿ, ಸಾಯನ್ ದಾರಿ. ವಿಮಾನದವರಿಗೆ ಈಗ ಎರಡು ಊರಿದ್ದ ಹಾಗೆ: ಅಂಧೇರಿ ಕಡೆಯ ಹಳೆಯ ನಿಲ್ದಾಣ, 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ನವಿ ಮುಂಬೈ ನಿಲ್ದಾಣ. ಟಿಕೆಟ್ಟಿನಲ್ಲಿ ಯಾವುದೆಂದು ಸರಿಯಾಗಿ ನೋಡದೆ ಅಂಧೇರಿಯಲ್ಲಿ ರೂಮ್ ಮಾಡಿಬಿಟ್ಟರೆ ಬೆಳಗಿನ ಜಾವ ನೀವು ಖಾಡಿ (ಸಮುದ್ರದ ಹಿನ್ನೀರು) ದಾಟಿ ನವಿ ಮುಂಬೈಗೆ ಓಡಬೇಕು.

ಒಂದು ರಾತ್ರಿಯ ಲೆಕ್ಕಕ್ಕೆ ನಾಲ್ಕು ಕಡೆ ಹೋಲಿಸಿದರೆ ಸಾಕು.

ದಾದರ್–ಮಾಟುಂಗಾ ನನ್ನ ಮೊದಲ ಆಯ್ಕೆ, ಮುಚ್ಚುಮರೆಯಿಲ್ಲ. ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎರಡೂ ಲೋಕಲ್ ಸೇರುವ ಜಾಗ. ಈಗ ನೆಲದಡಿಯ ಮೆಟ್ರೋ 3 ಕೂಡ ದಾದರ್‌ನಲ್ಲಿ ನಿಲ್ಲುತ್ತದೆ. ತಿಂಡಿಯ ಚಿಂತೆಯಂತೂ ಇಲ್ಲವೇ ಇಲ್ಲ. ಮಾಟುಂಗಾದಲ್ಲಿ ಕೆಫೆ ಮದ್ರಾಸ್ ಇದೆ, ಕೆಫೆ ಮೈಸೂರು ಇದೆ, ಸ್ಟೇಷನ್ ಪಕ್ಕ 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಲೆ ಊಟ ಸಮೇತ. ರಸಂ ಅನ್ನ ಬಿಟ್ಟರೆ ಬೇರೇನೂ ಮುಟ್ಟದ ಮಗು, ಹೊರಗಿನ ಊಟ ಅಂದರೆ ಮುಖ ಸಿಂಡರಿಸುವ ಅಜ್ಜಿ, ಇಬ್ಬರೂ ಇಲ್ಲಿ ಜಗಳವಿಲ್ಲದೆ ಉಣ್ಣುತ್ತಾರೆ. ಸಂಜೆ ಮಕ್ಕಳನ್ನು ಓಡಾಡಿಸಲು ಫೈವ್ ಗಾರ್ಡನ್ಸ್ ಇದೆ. ಕೊರತೆಗಳೂ ಉಂಟು. ಕಟ್ಟಡಗಳು ಹಳೆಯವು, ರೂಮು ಚಿಕ್ಕವು, ಲಿಫ್ಟಿನಲ್ಲಿ ಎರಡು ಸೂಟ್‌ಕೇಸ್ ಇಟ್ಟರೆ ಮನುಷ್ಯರಿಗೆ ಜಾಗವಿಲ್ಲ. ದಾದರ್ ಪಶ್ಚಿಮದಲ್ಲಿ ಸ್ಟೇಷನ್ ಹತ್ತಿರವೇ ಬೇಕು ಅಂತ ರೂಮ್ ಹಿಡಿದರೆ ಹೂವಿನ ಮಾರ್ಕೆಟ್ ಬೆಳಕು ಹರಿಯುವ ಮೊದಲೇ ಎದ್ದಿರುತ್ತದೆ. ಟೆಂಪೋ ಹಾರ್ನು, ಹಮಾಲರ ಕೂಗು ಎರಡೂ ಕಿಟಕಿಯೊಳಗೇ. ಹಿಂಬದಿಯ ರೂಮು ಕೇಳಿ. ಜೋರು ಮಳೆಗೆ ಹಿಂದ್‌ಮಾತಾ, ಗಾಂಧಿ ಮಾರ್ಕೆಟ್ ಸುತ್ತ ನೀರು ನಿಲ್ಲುವುದು ಮುಂಬೈಯವರಿಗೆ ಹೊಸದಲ್ಲ, ಜುಲೈನಲ್ಲಿ ಬರುವವರು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ ಊರಿನವರಿಗೆ ಗೊತ್ತಿರುವುದಿಲ್ಲ. ಬಾಂದ್ರಾ, ಸಾಯನ್‌ನಿಂದ ದಕ್ಷಿಣಕ್ಕೆ ಆಟೋ ಓಡುವುದಿಲ್ಲ. ದಾದರ್, ಮಾಟುಂಗಾ, ಫೋರ್ಟ್ ಎಲ್ಲ ಕಡೆ ಕಪ್ಪು–ಹಳದಿ ಟ್ಯಾಕ್ಸಿಯೇ ಗತಿ. ಮೊದಲ ಒಂದೂವರೆ ಕಿಲೋಮೀಟರಿಗೆ 2025ರ ಫೆಬ್ರವರಿಯಿಂದ 31 ರೂಪಾಯಿ, ದುಬಾರಿಯೇನಲ್ಲ. ಆದರೆ ಒಂದು ಟ್ಯಾಕ್ಸಿಗೆ ನಾಲ್ಕು ಜನ. ಐದನೆಯವರಿದ್ದರೆ ಮಗುವನ್ನು ತೊಡೆ ಮೇಲೆ ಕೂರಿಸಲು ಡ್ರೈವರ್ ಒಪ್ಪಬೇಕು, ಇಲ್ಲವೇ ದೊಡ್ಡ ಕ್ಯಾಬ್ ಬುಕ್ ಮಾಡಬೇಕು.

ಫೋರ್ಟ್–ಕೊಲಾಬಾ ಕಡೆ ಉಳಿದರೆ ನೋಡುವುದೆಲ್ಲ ನಡಿಗೆಯಲ್ಲೇ ಮುಗಿಯುತ್ತದೆ: ಗೇಟ್‌ವೇ ಆಫ್ ಇಂಡಿಯಾ, ವಸ್ತುಸಂಗ್ರಹಾಲಯ, ರಾತ್ರಿ ದೀಪದಲ್ಲಿ ಸಿಎಸ್‌ಎಂಟಿ ಕಟ್ಟಡ, ಒಂದು ಟ್ಯಾಕ್ಸಿ ಹಿಡಿದರೆ ಮರೀನ್ ಡ್ರೈವ್. ಮುಂಬೈ ಮೊದಲ ಸಲ ನೋಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ದರ ಮಾತ್ರ ಕೈ ಸುಡುತ್ತದೆ. ಎಲಿಫೆಂಟಾ ಗುಹೆ ಸೋಮವಾರ ಮುಚ್ಚಿರುತ್ತದೆ. ಬೈಕುಲ್ಲಾದ ರಾಣಿ ಬಾಗ್, ಅದೇ ಪೆಂಗ್ವಿನ್ ಇರುವ ಮೃಗಾಲಯ, ಬುಧವಾರ ಮುಚ್ಚಿರುತ್ತದೆ. ಇರುವ ಒಂದು ದಿನ ಅದೇ ವಾರವಾದರೆ ಈ ಏರಿಯಾಕ್ಕೆ ಜಾಸ್ತಿ ಕೊಡುವುದರಲ್ಲಿ ಅರ್ಥವಿಲ್ಲ.

ಅಂಧೇರಿ–ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳು ರೂಮಿನ ಮಟ್ಟಿಗೆ ಚೆನ್ನ. ದೊಡ್ಡ ಕಟ್ಟಡ, ದೊಡ್ಡ ಲಿಫ್ಟು, ಈಜುಕೊಳ, ಬಫೆ. ಆಫೀಸ್ ಕೆಲಸಕ್ಕೆ ಬರುವವರೇ ಅಲ್ಲಿ ಹೆಚ್ಚು, ಹಾಗಾಗಿ ಶನಿವಾರ ಭಾನುವಾರ ದರ ಇಳಿಯುವುದುಂಟು. ಆದರೆ ಗೇಟು ದಾಟಿ ಹೊರಗೆ ಬಂದರೆ ಮಗುವಿನ ಕೈ ಹಿಡಿದು ನಡೆಯಲು ಫುಟ್‌ಪಾತೇ ಇರುವುದಿಲ್ಲ. ಹಿಂದೆಯಾದರೆ ಬೆಳಗಿನ ವಿಮಾನವಿದ್ದವರನ್ನು ಬಿಟ್ಟು ಯಾರಿಗೂ ಈ ಕಡೆ ಹೇಳುತ್ತಿರಲಿಲ್ಲ. ಮೆಟ್ರೋ 3 ಆರೆಯಿಂದ ಕಫ್ ಪರೇಡ್‌ವರೆಗೆ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾದ ಮೇಲೆ ಲೆಕ್ಕ ಸ್ವಲ್ಪ ಬದಲಾಗಿದೆ. ಮರೋಳ್ ನಾಕಾದಲ್ಲಿ ಹತ್ತಿದರೆ ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಒಂದೇ ಗಾಡಿಯಲ್ಲಿ, ಎಸಿಯಲ್ಲಿ, ಸಿಗ್ನಲ್ಲಿನ ಕಾಟವಿಲ್ಲದೆ. ಹೋಟೆಲಿನಿಂದ ಮೆಟ್ರೋ ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಾತ್ರ ಅಂಧೇರಿಯನ್ನು ಪಟ್ಟಿಗೆ ಸೇರಿಸಿ.

ವಾಶಿ ಮತ್ತು ನವಿ ಮುಂಬೈ ಸ್ವಂತ ಕಾರಿನಲ್ಲಿ ಬರುವವರಿಗೆ. ಅದೇ ದುಡ್ಡಿಗೆ ರೂಮು ದೊಡ್ಡದು, ಪಾರ್ಕಿಂಗ್ ಸಿಗುತ್ತದೆ, ಆಟೋ ಓಡುತ್ತದೆ. ವಾಶಿಯ ಟೋಲ್ ನಾಕಾದಲ್ಲಿ ಕಾರುಗಳಿಗೆ 2024ರ ಅಕ್ಟೋಬರ್‌ನಿಂದ ಟೋಲೂ ಇಲ್ಲ. ಮದುವೆ, ಗೃಹಪ್ರವೇಶ ಆ ಕಡೆಯೇ ಇದ್ದರೆ ಯೋಚನೆಯೇ ಬೇಡ. ಗೇಟ್‌ವೇ ನೋಡುವುದಿದ್ದರೆ ಮಾತ್ರ ಅರ್ಧ ದಿನ ದಾರಿಗೇ ಹೋಗುತ್ತದೆ.

ನವೀಕರಣ ಅಂದರೆ ಏನೇನು ಹೊಸದು?

ಜಾಗ ಗೊತ್ತಾಯಿತು ಅಂದುಕೊಳ್ಳಿ. ಈಗ ಅದೇ ಬೀದಿಯಲ್ಲಿ ಎರಡು ಹೋಟೆಲ್: ಒಂದು ಹೊಸದಾಗಿ ನವೀಕರಿಸಿದ್ದು, ಇನ್ನೊಂದು ಹಳೆಯದಾದರೂ ನಡೆಸಿಕೊಂಡು ಬಂದದ್ದು. ಹೊಸದಕ್ಕೆ ಸಾವಿರ ಎರಡು ಸಾವಿರ ಜಾಸ್ತಿ. ಕೊಡಬೇಕಾ?

ಏನು ಹೊಸದು ಅನ್ನುವುದರ ಮೇಲೆ ಹೋಗುತ್ತದೆ. ಬಣ್ಣ, ಪರದೆ, ಹಾಸಿಗೆ, ತಲೆದಿಂಬಿನ ಹಿಂದಿನ ಮರದ ಹಲಗೆ, ಇವು ಬೇಗ ಬದಲಾಗುತ್ತವೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಬಾತ್‌ರೂಮಿನ ಟೈಲ್ಸ್, ಕಮೋಡ್ ಅದರ ಮುಂದಿನ ಹಂತ. ಗೋಡೆಯೊಳಗಿನ ಪೈಪು, ವೈರಿಂಗು, ಲಿಫ್ಟು, ಎಸಿ ಇವನ್ನು ಬದಲಿಸಲು ಹೋಟೆಲ್ ಮುಚ್ಚಬೇಕಾಗುತ್ತದೆ, ಹಾಗಾಗಿ ಎಷ್ಟೋ ಕಡೆ ಇವು ಹಳೆಯವೇ ಉಳಿಯುತ್ತವೆ.

ಹುಬ್ಬಳ್ಳಿಯಿಂದ ಅಕ್ಕ, ಭಾವ, ಇಬ್ಬರು ಮಕ್ಕಳು, ಅಕ್ಕನ ಅತ್ತೆ ಬಂದಾಗ ದಾದರ್ ಪೂರ್ವದಲ್ಲಿ ಇಂಥದೊಂದು ಹೋಟೆಲಿನಲ್ಲಿ ಇಳಿದಿದ್ದರು. ನಾನು ಸ್ಟೇಷನ್ನಿನಿಂದ ಜೊತೆಗೇ ಹೋಗಿದ್ದೆ. ಬಾಗಿಲಿನ ಹಿಡಿಕೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ, ಅಷ್ಟು ಹೊಸದು. ಬಾತ್‌ರೂಮಿನಲ್ಲಿ ನೆಲದಿಂದ ಸೂರಿನವರೆಗೆ ಬೂದು ಟೈಲ್ಸ್, ಸೂರಿನಲ್ಲಿ ದೊಡ್ಡ ಚೌಕದ ಶವರ್. ಮಕ್ಕಳು ಕುಣಿದಾಡಿದರು. ಅತ್ತೆ ಒಳಗೆ ಹೋಗಿ ಎರಡು ನಿಮಿಷಕ್ಕೆ ಹೊರಗೆ ಬಂದರು. "ಬಕೀಟ್ ಎಲ್ಲೈತಿ?" ಬಕೆಟ್ ಇರಲಿಲ್ಲ. ಕೆಳಗೆ ನಲ್ಲಿಯೂ ಇರಲಿಲ್ಲ, ಬಕೆಟ್ ಇಟ್ಟರೂ ನೀರು ಶವರಿನಿಂದಲೇ ಹಿಡಿಯಬೇಕು. ತಲೆ ನೆನೆಯದೆ ಸ್ನಾನ ಮಾಡುವ ದಾರಿಯೇ ಇಲ್ಲ. ರಿಸೆಪ್ಶನ್ನಿಗೆ ಫೋನ್ ಮಾಡಿದ ಮೇಲೆ ಹುಡುಗನೊಬ್ಬ ಎಲ್ಲಿಂದಲೋ ಅಂಚು ಒಡೆದ ನೀಲಿ ಬಕೆಟ್ ತಂದುಕೊಟ್ಟ. ಬಿಸಿನೀರು ಬರಲು ಹತ್ತು ನಿಮಿಷ, ಬಂದದ್ದು ಮೊದಲು ಕೆಂಪಗೆ. ಹೊಸ ಟೈಲ್ಸಿನ ಹಿಂದೆ ಹಳೇ ಕಬ್ಬಿಣದ ಪೈಪು, ಬೇರೇನಲ್ಲ. ಬೆಳಿಗ್ಗೆ ಐದು ಜನರ ಸ್ನಾನ ಮುಗಿಯುವಷ್ಟರಲ್ಲಿ ಹತ್ತೂವರೆ.

ಹಾಗಂತ ಹೊಸದು ಬೇಡ ಅಂತ ನಾನು ಹೇಳುವುದಿಲ್ಲ. ಹೊಸ ಹಾಸಿಗೆ, ಸದ್ದಿಲ್ಲದ ಎಸಿ, ಹೊರಗಿನ ಸದ್ದು ಒಳಬಿಡದ ಹೊಸ ಕಿಟಕಿ ಇವು ನಿದ್ದೆಗೆ ನಿಜವಾಗಿಯೂ ಸಹಾಯ ಮಾಡುತ್ತವೆ. ಮಕ್ಕಳ ನಿದ್ದೆ ಸರಿಯಾದರೆ ಮರುದಿನ ಎಲ್ಲರ ದಿನವೂ ಸರಿ. ಫೋನ್ ಮಾಡಿ ನೇರವಾಗಿ ಕೇಳಿದರೆ ಆಯಿತು: ಪೈಪ್‌ಲೈನ್ ಬದಲಿಸಿದ್ದೀರಾ? ಬಿಸಿನೀರು ರೂಮಿನ ಗೀಸರಿನಿಂದಲೋ, ಮೇಲಿನ ಟ್ಯಾಂಕಿನಿಂದಲೋ? ಬಕೆಟ್ಟು, ಅದಕ್ಕೆ ನಲ್ಲಿ ಇದೆಯಾ? ಈ ಕೊನೆಯ ಪ್ರಶ್ನೆಗೆ ಅವರು ನಗಬಹುದು, ನಗಲಿ.

ಎಲ್ಲ ಮಹಡಿಯೂ ಹೊಸದಾಗಿದೆಯಾ ಅನ್ನುವುದನ್ನೂ ಕೇಳಿ. ಎರಡು ಮಹಡಿ ಮುಗಿಸಿ, ಅದರ ಫೋಟೋ ಹಾಕಿ, ಉಳಿದವುಗಳಲ್ಲಿ ಇನ್ನೂ ಡ್ರಿಲ್ ಓಡಿಸುತ್ತಿರುವ ಹೋಟೆಲುಗಳಿವೆ. ರಾತ್ರಿ ಗಾಡಿಯಲ್ಲಿ ಬಂದು ಮಧ್ಯಾಹ್ನ ಮಲಗೋಣ ಅಂದುಕೊಂಡ ಮಗುವಿನ ಪಾಡು ಯೋಚಿಸಿ. ಬುಕಿಂಗಿನಲ್ಲಿ ರೂಮಿನ ಹೆಸರು ನೋಡಿದರೂ ಗೊತ್ತಾಗುತ್ತದೆ. ಒಂದೇ ಅಳತೆಯ ಎರಡು ರೂಮುಗಳಿಗೆ ಬೇರೆ ಬೇರೆ ಹೆಸರು, ಬೇರೆ ದರ ಇದ್ದರೆ ಕಡಿಮೆಯದು ಬಹುಶಃ ಹಳೆಯದು.

ಸ್ಟಾರ್ ರೇಟಿಂಗ್ ನೋಡುವವರಿಗೆ ಒಂದು ಕಿವಿಮಾತು. ನವೀಕರಿಸಿದ ಹೋಟೆಲಿನ ಸರಾಸರಿ ಅಂಕದಲ್ಲಿ ಹಳೆಯ ಕಾಲದ ಬೈಗುಳ, ಹೊಗಳಿಕೆ ಎಲ್ಲ ಕಲಸಿಹೋಗಿರುತ್ತದೆ. 3.6 ಇದ್ದದ್ದು ಈಗ ಚೆನ್ನಾಗಿರಬಹುದು, 4.3 ಇದ್ದದ್ದು ಮಾಲೀಕರು ಬದಲಾಗಿ ಕೆಟ್ಟಿರಬಹುದು. ಹೊಸ ವಿಮರ್ಶೆ ಮೊದಲು ಬರುವ ಹಾಗೆ ಜೋಡಿಸಿ, ಉಳಿದುಕೊಂಡವರು ಹಾಕಿದ ಫೋಟೋ ಮಾತ್ರ ನೋಡಿ. ಕಿಟಕಿಯ ಮೂಲೆ, ಎಸಿಯ ಕೆಳಗಿನ ಗೋಡೆ ಹಿಗ್ಗಿಸಿ ನೋಡಿ. ಮುಂಬೈ ಮಳೆಗೆ ಒಂದು ಸಲ ಸಿಕ್ಕಿದ ಹೊಸ ಬಣ್ಣದ ಬಂಡವಾಳ ಅಲ್ಲೇ ಬಯಲಾಗುವುದು.

ಹೋಟೆಲ್ ತೆರೆದು ಬರೀ ವಾರಗಳಾಗಿದ್ದರೆ ಪಾಲಿಶ್, ಪ್ಲೈವುಡ್, ಅಂಟಿನ ವಾಸನೆ ರೂಮಿನಲ್ಲಿ ತುಂಬಿಕೊಂಡಿರುತ್ತದೆ. ಉಬ್ಬಸ ಇರುವ ಮಗು ಅಥವಾ ಹಿರಿಯರಿದ್ದರೆ ಕಿಟಕಿ ತೆರೆಯಲು ಬರುತ್ತದಾ ಅಂತ ಕೇಳಿ. ತೆರೆಯುವುದಿಲ್ಲ ಅಂದರೆ ಆ ಹೋಟೆಲ್ ಇನ್ನೆರಡು ತಿಂಗಳು ಬಿಟ್ಟು ನೋಡೋಣ ಅನ್ನಿ.

ಫ್ಯಾಮಿಲಿ ರೂಮ್ ಅನ್ನುವುದರ ಒಳಗುಟ್ಟು

ಜಾಹೀರಾತಿನ ಫ್ಯಾಮಿಲಿ ಅಂದರೆ ಅಪ್ಪ, ಅಮ್ಮ, ಒಂದು ಚಿಕ್ಕ ಮಗು. ನಮ್ಮ ಫ್ಯಾಮಿಲಿ ಹಾಗಿರುವುದಿಲ್ಲವಲ್ಲ. ಐದು ಜನರಿಗೆ ಮೂರು ದಾರಿಗಳಿವೆ. ಒಂದು, ದೊಡ್ಡ ಫ್ಯಾಮಿಲಿ ರೂಮು: ಎರಡು ಡಬಲ್ ಬೆಡ್, ಒಂದೇ ಬಾತ್‌ರೂಮು. ಎರಡು, ಸಾಮಾನ್ಯ ರೂಮು ಮತ್ತು ಎಕ್ಸ್‌ಟ್ರಾ ಬೆಡ್. ಮೂರು, ಎರಡು ರೂಮು. ನನ್ನ ಕೇಳಿದರೆ ಹಿರಿಯರಿರುವ ಐದು ಜನರಿಗೆ ಎರಡು ಸಾಧಾರಣ ರೂಮು ಒಂದು ಭರ್ಜರಿ ರೂಮಿಗಿಂತ ಮೇಲು. ಕಾರಣ ಎರಡನೇ ಬಾತ್‌ರೂಮು, ಅಷ್ಟೇ. ಒಂದು ರಾತ್ರಿ ಅಂದಮೇಲೆ ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ತಯಾರಾಗಬೇಕು, ಅಲ್ವಾ?

ಎರಡು ರೂಮು ಹಿಡಿಯುವಾಗ ಮಾತು ಸ್ಪಷ್ಟವಿರಲಿ. ಕನೆಕ್ಟಿಂಗ್ ಅಂದರೆ ನಡುವೆ ಒಳಬಾಗಿಲು ಇರಬೇಕು. ಬರೀ ಪಕ್ಕಪಕ್ಕದ ರೂಮು ಕೊಟ್ಟು ಅದನ್ನೇ ಕನೆಕ್ಟಿಂಗ್ ಅನ್ನುವವರಿದ್ದಾರೆ. ಎಕ್ಸ್‌ಟ್ರಾ ಬೆಡ್ ಅಂದರೂ ಕೆಲವು ಕಡೆ ನೆಲಕ್ಕೆ ಹಾಸುವ ಗಾದಿ ಮಾತ್ರ. ಮಂಡಿನೋವಿನ ಅಜ್ಜಿಗೆ ಅದು ಆಗದು.

ಹೊಸ ಹೋಟೆಲುಗಳ ಒಂದು ಹುಚ್ಚು ಅಂದರೆ ಮಂಚಕ್ಕೂ ಬಾತ್‌ರೂಮಿಗೂ ನಡುವೆ ಗಾಜಿನ ಗೋಡೆ. ಹನಿಮೂನಿಗೆ ಬಂದವರಿಗೆ ಇರಬಹುದು, ಅತ್ತೆ–ಸೊಸೆ ಒಂದೇ ರೂಮಿನಲ್ಲಿ ಇರುವಾಗ ಯಾರು ಕೇಳಿದರು ಅದನ್ನ? ಒಳಗಿನಿಂದ ಎಳೆಯುವ ಪರದೆ ಇದೆಯೋ ಇಲ್ಲವೋ ಬುಕ್ ಮಾಡುವ ಮೊದಲೇ ತಿಳಿದುಕೊಳ್ಳಿ.

ಮಕ್ಕಳ ವಯಸ್ಸಿನ ನಿಯಮ ಪ್ರತಿ ಹೋಟೆಲಿಗೂ ಬೇರೆ. ಸಾಮಾನ್ಯವಾಗಿ ಐದರೊಳಗಿನ ಮಗುವಿಗೆ ದುಡ್ಡಿಲ್ಲ, ಅದಕ್ಕಿಂತ ದೊಡ್ಡವರಿಗೆ ಬೆಡ್ಡಿಗೋ ತಿಂಡಿಗೋ ಬೇರೆ ಲೆಕ್ಕ. ಆ್ಯಪಿನಲ್ಲಿ ಮಕ್ಕಳ ಸಂಖ್ಯೆ ಹಾಕದೆ ಬುಕ್ ಮಾಡಿದರೆ ಆ ಲೆಕ್ಕ ಕೌಂಟರಿನಲ್ಲಿ ಬರುತ್ತದೆ. ಕೆಟಲ್ ಇದ್ದರೆ ಮಗುವಿನ ಹಾಲಿಗೆ, ಅಜ್ಜಿಯ ಬಿಸಿನೀರಿಗೆ ರಾತ್ರಿ ಯಾರನ್ನೂ ಕರೆಯಬೇಕಿಲ್ಲ.

ಈಜುಕೊಳದ ಬಗ್ಗೆ: ಒಂದು ರಾತ್ರಿಗೆ ಅದಕ್ಕಾಗಿ ಜಾಸ್ತಿ ಕೊಡಬೇಡಿ. ಸಂಜೆ ಬೇಗ ಮುಚ್ಚುವ ಕಡೆಗಳುಂಟು, ಹತ್ತಿಯ ಬಟ್ಟೆಯಲ್ಲಿ ಇಳಿಯಲು ಬಿಡುವುದಿಲ್ಲ, ನೈಲಾನ್ ಡ್ರೆಸ್ ತಂದಿರಬೇಕು. ಮೇ ತಿಂಗಳಲ್ಲಿ ಎರಡು ಗಂಟೆಗೇ ಚೆಕ್-ಇನ್ ಆಗಿ, ಎಲ್ಲಿಗೂ ಹೋಗದೆ ಅಲ್ಲೇ ಇರುವವರಾದರೆ ಮಾತು ಬೇರೆ.

7,500ರ ಗೆರೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡಾ 5. ಅದು ದಾಟಿದರೆ ಶೇಕಡಾ 18. ಲೆಕ್ಕ ಹಾಕಿ ನೋಡಿ. 7,400ರ ರೂಮಿಗೆ ತೆರಿಗೆ 370, ಒಟ್ಟು 7,770. 7,600ರ ರೂಮಿಗೆ ತೆರಿಗೆ 1,368, ಒಟ್ಟು 8,968. ಬೋರ್ಡಿನಲ್ಲಿ 200 ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ ಸುಮಾರು 1,200. ನವೀಕರಿಸಿದ ಹೋಟೆಲಿನ ಫ್ಯಾಮಿಲಿ ರೂಮು ವಾರಾಂತ್ಯದಲ್ಲಿ ಈ ಗೆರೆ ದಾಟುವುದು ಸುಲಭ, ಹಾಗಾಗಿ ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಿ. 4,000ದ ಎರಡು ರೂಮು 8,400ಕ್ಕೆ ಬರುತ್ತದೆ, 7,600ರ ಒಂದು ರೂಮಿಗಿಂತ ಕಡಿಮೆ. ಎರಡು ಬಾತ್‌ರೂಮು ಬೇರೆ!

ದುಬಾರಿ ರೂಮುಗಳಿರುವ ಹೋಟೆಲಿನ ಒಳಗಿನ ಊಟಕ್ಕೂ ಶೇಕಡಾ 18 ತೆರಿಗೆ ಬೀಳುತ್ತದೆ, ಹೊರಗಿನ ಉಡುಪಿ ಹೋಟೆಲಿನಲ್ಲಿ 5. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಸೇರಿಸಿದ್ದರೆ ತೆಗೆಯಿರಿ ಅನ್ನಿ.

ತಿಂಡಿ ಸೇರಿದ ದರವೋ, ಬರೀ ರೂಮೋ? ದಾದರ್–ಮಾಟುಂಗಾದಲ್ಲಾದರೆ ಕಣ್ಣು ಮುಚ್ಚಿ ಬರೀ ರೂಮು. ಅಂಧೇರಿಯಲ್ಲಾದರೆ ತಿಂಡಿ ಸೇರಿಸಿಕೊಳ್ಳಿ, ಬೆಳಿಗ್ಗೆ ಮಕ್ಕಳನ್ನು ಕಟ್ಟಿಕೊಂಡು ದೋಸೆ ಹುಡುಕುತ್ತ ಹೈವೇ ದಾಟುವುದು ಬೇಡ.

ಯಾರಿಗೆ ಯಾವುದು

ಬೆಳಗಿನ ಗಾಡಿಗೆ ಬಂದು ಮರುದಿನ ಸಂಜೆ ಹೊರಡುವವರು ದಾದರ್–ಮಾಟುಂಗಾದಲ್ಲಿ ನವೀಕರಿಸಿದ ಮಧ್ಯಮ ಹೋಟೆಲಿನ ಎರಡು ರೂಮು ಹಿಡಿಯಲಿ. ಅರ್ಲಿ ಚೆಕ್-ಇನ್ ಸಿಗುತ್ತದಾ, ಎಷ್ಟು ದುಡ್ಡು ಅಂತ ಮೊದಲೇ ಬರಹದಲ್ಲಿ ತೆಗೆದುಕೊಳ್ಳಲಿ. ನೋಡೋಣ ಬನ್ನಿ ಅನ್ನುವ ಉತ್ತರ ಅಂದರೆ ಎರಡು ಗಂಟೆವರೆಗೆ ಲಾಬಿಯಲ್ಲಿ ಕೂರುವುದು ಅಂತಲೇ.

ಅಪ್ಪ, ಅಮ್ಮ, ಒಂದೋ ಎರಡೋ ಮಕ್ಕಳು ಮಾತ್ರ, ಮುಂಬೈ ಮೊದಲ ಸಲ ಅಂದರೆ ಫೋರ್ಟ್. ರೂಮು ಸ್ವಲ್ಪ ಹಳೆಯದಾದರೂ ಅಡ್ಡಿಯಿಲ್ಲ, ಇಡೀ ದಿನ ಹೊರಗೇ ಇರುತ್ತೀರಿ. ರಾತ್ರಿ ತಡವಾಗಿ ಇಳಿದು ಬೆಳಗಿನ ವಿಮಾನ ಹಿಡಿಯುವವರಿಗೆ ನಿಲ್ದಾಣದ ಪಕ್ಕದ ಹೊಸ ಹೋಟೆಲಿಗೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕ. ನಿದ್ದೆಗೆ ಸಿಗುವುದೇ ಐದಾರು ಗಂಟೆ, ಅದು ಚೆನ್ನಾಗಿರಲಿ.

ಇಲ್ಲಿಯವರೇ ನೆಂಟರ ಜೊತೆ ರಾತ್ರಿ ಉಳಿಯುವುದಿದ್ದರೆ ಹೋಟೆಲಿಗೆ ಮೊದಲೇ ಹೇಳಿ. ಮುಂಬೈ ವಿಳಾಸದ ಗುರುತಿನ ಚೀಟಿ ತೋರಿಸಿದರೆ ರೂಮು ಕೊಡದ ಹೋಟೆಲುಗಳಿವೆ. ದೊಡ್ಡವರೆಲ್ಲರ ಗುರುತಿನ ಚೀಟಿ ಕೇಳುತ್ತಾರೆ; ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಇಳಿಸಿಕೊಂಡು ಇಟ್ಟುಕೊಳ್ಳಿ.

ಚೆಕ್-ಔಟ್ ಆದಮೇಲೆ ಗಾಡಿ ರಾತ್ರಿಗಿದ್ದರೆ ಸಾಮಾನು ಹೋಟೆಲಿನಲ್ಲೇ ಬಿಡಿ, ಚೀಟಿ ಕೇಳಿ ಪಡೆದುಕೊಳ್ಳಿ. ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಡುವುದಾದರೆ ಚೀಲಕ್ಕೆ ಬೀಗ ಇರಲೇಬೇಕು, ಬೀಗವಿಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ. ಹೊರಡುವುದು ಭಾನುವಾರವಾದರೆ ಹಿಂದಿನ ದಿನವೇ ಮೆಗಾಬ್ಲಾಕ್ ಎಲ್ಲಿದೆ ಅಂತ ನೋಡಿ. ದುರಸ್ತಿಗಾಗಿ ಹಗಲು ಹೊತ್ತಿನಲ್ಲಿ ಲೋಕಲ್ ಕಡಿಮೆಯಾಗುತ್ತದೆ, ಕೆಲವು ಸ್ಟೇಷನ್ನಿನಲ್ಲಿ ನಿಲ್ಲುವುದೇ ಇಲ್ಲ. ವಾರದ ದಿನವಾದರೆ ಸಂಜೆ ಐದೂವರೆಯ ಮೇಲೆ ಸೂಟ್‌ಕೇಸ್, ಮಕ್ಕಳು, ಅತ್ತೆ ಸಮೇತ ಲೋಕಲ್ ಹತ್ತುವ ಸಾಹಸ ಬೇಡ. ಟ್ಯಾಕ್ಸಿಗೆ ಇನ್ನೂರು ಮುನ್ನೂರು ಹೋದರೆ ಹೋಗಲಿ.